ಸಿಟ್ಟಿನ ಸಂತ ನಮ್ಮೂರಿಗೆ ಬಂದದ್ದು

ನಮ್ಮೂರಿನ ಇಗರ್ಜಿಯ ಅಂಗಳದಲ್ಲಿ ಸಂತ ಜೆರೋಮನ ನಾಟಕ ಆದದ್ದು ಯಾವ ವರ್ಷ ಎಂದು ಮಾತ್ರ ಕೇಳಬೇಡಿ. ಲ್ಯಾಟಿನ್ ಪೂಜೆ ನಿಂತು ಸ್ವಲ್ಪ ಕಾಲವಾಗಿತ್ತು. ಊರಿಗೆ ಕರೆಂಟು ಬಂದಿತ್ತು, ಬಂದಷ್ಟೇ ಸಲ ಹೋಗುತ್ತಲೂ ಇತ್ತು. ಸೆಪ್ಟೆಂಬರ್ ಕೊನೆ. ಮೊಂತಿ ಹಬ್ಬದ ಹೊಸ ಅಕ್ಕಿ ಊಟ ಮುಗಿದು, ನವರಾತ್ರಿಯ ಹುಲಿವೇಷದವರು ತಾಸೆಯನ್ನು ಬೆಂಕಿಗೆ ಕಾಯಿಸಲು ಶುರುಮಾಡಿದ ಹೊತ್ತು. ಮಳೆ ಹೋಯಿತು ಎನ್ನುವ ಹಾಗೂ ಇಲ್ಲ, ಉಂಟು ಎನ್ನುವ ಹಾಗೂ ಇಲ್ಲ. ಬೆಳಿಗ್ಗೆ ಅಂಗಳದಲ್ಲಿ ಹಪ್ಪಳ ಹರವಿದರೆ ಮಧ್ಯಾಹ್ನ ಉಣ್ಣುವ ಕೈಯಲ್ಲೇ ಓಡಿಹೋಗಿ ಒಳಗೆ ತರಬೇಕು, ಅಂಥ ದಿನಗಳು.

ಆಗ ನಮ್ಮಲ್ಲಿದ್ದ ಪಾದ್ರಿಗಳು ಬಡಕಲು ಮೈಯವರು. ಹಾಲು ಹಾಕದ ಕಾಫಿ, ನಿಲುವಂಗಿಯ ಜೇಬಿನಲ್ಲಿ ಓಲೆಬೆಲ್ಲ. ಒಂದು ಗುಟುಕು ಕುಡಿಯುವುದು, ಒಂದು ಚೂರು ಕಚ್ಚುವುದು. ನಾವು ಕ್ರೈಸ್ತರಲ್ಲ, ನಮ್ಮ ಮನೆ ಇಗರ್ಜಿಯ ಗದ್ದೆಯ ಆಚೆ ಬದಿ. ಆದರೂ ಸಂಜೆಯಾದರೆ ನಾನು ಅಲ್ಲೇ. ಅವರ ಪುಸ್ತಕದ ಕಪಾಟಿನ ಆಸೆ ಸ್ವಲ್ಪ, ಬೆಲ್ಲದ ಆಸೆ ಹೆಚ್ಚು.

ಸೆಪ್ಟೆಂಬರ್ 30 ಜೆರೋಮನ ಹಬ್ಬ. ಅವತ್ತಿಗೆ ನಾಟಕ ಮಾಡುವುದೆಂದು ಪಾದ್ರಿಗಳು ಹೇಳಿದಾಗ ಗುರ್ಕಾರರು, ಅಂದರೆ ವಾರ್ಡಿನ ಹಿರಿಯರು, ಒಬ್ಬರ ಮುಖ ಒಬ್ಬರು ನೋಡಿದರು. ಅವರಿಗೆ ಗೊತ್ತಿದ್ದ ಸಂತರ ನಾಟಕವೆಂದರೆ ಸೆಬಾಸ್ಟಿಯನ್ನನದು. ಬಾಣ ಹೊಡೆಯುವುದು, ರಕ್ತ, ಹೆಂಗಸರ ಅಳು. ಸಂಭಾಷಣೆ ಹೀಗೆ ನಡೆಯಿತು, ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ.

“ಇವನು ಎಂತ ಮಾಡಿದ, ಫಾದರ್?”

“ಬರೆದ.”

“ಮತ್ತೆ?”

“ಬೇರೆಯವರು ಬರೆದದ್ದನ್ನು ತಿದ್ದಿದ.”

“ಯಾರಾದರೂ ಕೊಂದರಾ ಇವನನ್ನು?”

“ಇಲ್ಲ. ಮುದುಕನಾಗಿ ಸತ್ತ.”

ದೊಡ್ಡ ಗುರ್ಕಾರರು ಕೊಡೆ ಎತ್ತಿಕೊಂಡರು. “ಬೆಂಚು ಖಾಲಿ ಉಳಿಯುತ್ತದೆ,” ಎಂದರು.

ಪಾದ್ರಿಗಳು ಬಿಡಲಿಲ್ಲ. “ನಿಮ್ಮ ಅಜ್ಜ, ಅಜ್ಜನ ಅಜ್ಜ, ಎಲ್ಲರೂ ಈ ಇಗರ್ಜಿಯಲ್ಲಿ ಮೊಣಕಾಲೂರಿ ಲ್ಯಾಟಿನ್ನಿನಲ್ಲಿ ಸುವಾರ್ತೆ ಕೇಳಿದರು. ಒಂದು ಅಕ್ಷರ ಅರ್ಥವಾಗದೆ ಕೇಳಿದರು. ಆ ಲ್ಯಾಟಿನ್ ಮಾಡಿಕೊಟ್ಟವನ ಮುಖವನ್ನಾದರೂ ಒಮ್ಮೆ ನೋಡುವುದು ಬೇಡವಾ?” ಎಂದು ಕೇಳಿದರು. ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಜೆರೋಮನ ಪಾತ್ರಕ್ಕೆ ಅವರು ಆರಿಸಿದ್ದು ಊರಿನ ನಿವೃತ್ತ ಹೆಡ್‌ಮಾಸ್ತರರನ್ನು. ಜನಿವಾರದ ಬ್ರಾಹ್ಮಣರು, ತಾಳಮದ್ದಳೆಯ ಅರ್ಥಧಾರಿ. ಭೀಷ್ಮನ ಅರ್ಥಕ್ಕೆ ಕುಳಿತರೆ ಎದುರಿನ ಕೃಷ್ಣ ಬೆವರಬೇಕು. ಅವರ ಸಿಟ್ಟಿನ ವಿಷಯ ನಮ್ಮ ಬೆನ್ನುಗಳಿಗೆ ಗೊತ್ತು. ದೀರ್ಘ ಬಿಟ್ಟು ಬರೆದವನಿಗೆ ಅವರ ಶಾಲೆಯಲ್ಲಿ ಮೋಕ್ಷವಿರಲಿಲ್ಲ. “ಇವರಿಗೆ ಅಭಿನಯ ಕಲಿಸುವ ಕೆಲಸ ಇಲ್ಲ, ವೇಷ ಹಾಕಿದರೆ ಸಾಕು,” ಎಂದು ಪಾದ್ರಿಗಳು ನಕ್ಕರು. ಮಾಸ್ತರರು ಒಪ್ಪಿದ್ದಕ್ಕೆ ಕಾರಣವೂ ಅವರದೇ ತರಹದ್ದು. ಅವರ ಮೇಜಿನ ಮೇಲೆ ಸದಾ ಇರುತ್ತಿದ್ದದ್ದು ಕಿಟ್ಟೆಲ್ ಕೋಶ, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಹಾಕಿದ್ದು. “ಒಬ್ಬ ಪಾದ್ರಿ ನಮಗೆ ನಿಘಂಟು ಮಾಡಿಕೊಟ್ಟ, ಇನ್ನೊಬ್ಬ ಪಾದ್ರಿಗೆ ಒಂದು ನಾಟಕವನ್ನಾದರೂ ಆಡಿಕೊಡಬೇಡವೇ?” ಎಂದರು. ಆ ಪಾದ್ರಿ ಪ್ರಾಟೆಸ್ಟೆಂಟು, ಈ ಪಾದ್ರಿ ಕ್ಯಾಥೊಲಿಕ್ಕು ಎನ್ನುವ ಲೆಕ್ಕ ಅವರು ಇಡಲಿಲ್ಲ.

ನನಗೆ ಸಿಕ್ಕಿದ್ದು ಲಿಪಿಕಾರನ ಪಾತ್ರ. ಮಾತಿಲ್ಲ. ರಂಗದ ಬಲಬದಿಯಲ್ಲಿ ಚಾಪೆಯ ಮೇಲೆ ಕುಳಿತು ಕೋಳಿ ಗರಿಯಿಂದ ಬರೆಯುತ್ತಾ ಇರುವುದು. ಜೆರೋಮನಿಗೆ ಕಣ್ಣು ಮಂಜಾಗಿತ್ತಂತೆ, ಆದ್ದರಿಂದ ಅವನು ಹೇಳುವುದು, ಲಿಪಿಕಾರರು ಬರೆಯುವುದು. ಹಾಗಾಗಿ ನಾಟಕದ ಉದ್ದಕ್ಕೂ ನಾನು ರಂಗದ ಮೇಲೇ ಇದ್ದೆ. ಈಗ ನಾನು ಹೇಳುವುದೆಲ್ಲ ಆ ಚಾಪೆಯಿಂದ ಕಂಡದ್ದು. ಕೆಲವು ಅಭ್ಯಾಸದ ದಿನ ನಡೆದದ್ದೋ ನಾಟಕದ ರಾತ್ರಿ ನಡೆದದ್ದೋ ಎಂಬುದು ನನ್ನ ತಲೆಯಲ್ಲಿ ಕಲಸಿಹೋಗಿದೆ.

ವೇಷದ ವಿಷಯಕ್ಕೇ ಮೊದಲ ಜಗಳ. ಎಲ್ಲರ ಮನೆಯ ಸಂತರ ಚಿತ್ರದಲ್ಲಿ ಜೆರೋಮನಿಗೆ ಕಾರ್ಡಿನಲರ ಕೆಂಪು ಟೋಪಿ, ಕಾಲ ಬುಡದಲ್ಲಿ ಸಿಂಹ. ಟೈಲರ್ ಬಾಯಮ್ಮ ಕೆಂಪು ಬಟ್ಟೆ ಕತ್ತರಿಸಿಯೂ ಆಗಿತ್ತು. ಪಾದ್ರಿಗಳು ತಲೆ ಅಲ್ಲಾಡಿಸಿದರು. ಕಾರ್ಡಿನಲರಿಗೆ ಕೆಂಪು ಟೋಪಿ ಬಂದದ್ದು ಹದಿಮೂರನೆಯ ಶತಮಾನದಲ್ಲಿ, ಈತ ಸತ್ತದ್ದು 420ರಲ್ಲಿ. ಸಿಂಹವೂ ಇವನದಲ್ಲ. ಜೋರ್ಡನ್ ನದಿಯ ಹತ್ತಿರವಿದ್ದ ಗೆರಾಸಿಮಸ್ ಎಂಬ ಇನ್ನೊಬ್ಬ ಸನ್ಯಾಸಿಯದು, ಹೆಸರುಗಳ ಗಲಿಬಿಲಿಯಲ್ಲಿ ಇವನ ಮನೆಗೆ ಬಂದು ಸೇರಿತು. ಟೈಲರ್ ಬಾಯಮ್ಮನಿಗೆ ಇದು ಯಾವುದೂ ಬೇಡ. “ಟೋಪಿ ಇಲ್ಲದಿದ್ದರೆ ಯಾವ ಸಂತ ಎಂದು ಗೊತ್ತಾಗುವುದು ಹೇಗೆ?” ಕೊನೆಗೆ ಟೋಪಿಯನ್ನು ತಲೆಗೆ ಹಾಕದೆ ಹಿಂದಿನ ಗೋಡೆಯ ಮೊಳೆಗೆ ತೂಗುಹಾಕಿದರು. ಸಿಂಹ ಉಳಿಯಿತು, ಮಕ್ಕಳು ಬಿಡಬೇಕಲ್ಲ.

ಸಿಂಹದ ಕತೆ ಇಲ್ಲೇ ಹೇಳಿಬಿಡುತ್ತೇನೆ. ಪುರಾಣದ ಪ್ರಕಾರ ಮುಳ್ಳು ಚುಚ್ಚಿದ ಸಿಂಹ ಕುಂಟುತ್ತಾ ಮಠಕ್ಕೆ ಬರುತ್ತದೆ, ಜೆರೋಮ್ ಮುಳ್ಳು ತೆಗೆಸುತ್ತಾನೆ, ಅದು ಮಠದ ಕತ್ತೆಯನ್ನು ಕಾಯುತ್ತದೆ. ಕತ್ತೆಯನ್ನು ವ್ಯಾಪಾರಿಗಳು ಕದ್ದಾಗ ಸಿಂಹವೇ ತಿಂದಿತೆಂದು ಅಪವಾದ ಬಂದು, ಕತ್ತೆಯ ಬದಲಿಗೆ ಸಿಂಹ ಕಟ್ಟಿಗೆ ಹೊರುತ್ತದೆ. ಕತ್ತೆ ಮಡಿವಾಳರದ್ದು. ಅದು ರಂಗ ಹತ್ತಲೇ ಇಲ್ಲ, ಕೆಳಗೇ ನಿಂತು ಬಾಳೆಎಲೆ ತಿಂದಿತು. ಸಿಂಹಕ್ಕೆ ಸಿಕ್ಕಿದವರು ಹುಲಿವೇಷದ ಹಿರಿಯ ಕುಣಿತಗಾರರು. ಮೈಗೆ ಹಳದಿ ಬಳಿದಾಯಿತು, ಪಟ್ಟೆ ಬೇಡ ಎಂದು ಎಷ್ಟು ಹೇಳಿದರೂ ಕೈ ಅಭ್ಯಾಸ, ಬೆನ್ನ ಮೇಲೆ ನಾಲ್ಕು ಗೆರೆ ಬಂದೇ ಬಂತು. ಕುಂಟುತ್ತಾ ಬಂದದ್ದು ಚೆನ್ನಾಗಿಯೇ ಇತ್ತು. ಮುಳ್ಳು ತೆಗೆದ ಕೂಡಲೆ ಹಿಂದಿನ ಸಾಲಿನಲ್ಲಿದ್ದ ಯಾರೋ ಪುಂಡ ತಾಸೆ ಬಾರಿಸಿದ. ಅಷ್ಟೇ ಮಾರಾಯ್ರೆ. ಸಿಂಹ ಎದ್ದು ನಿಂತು ಎರಡು ಲಾಗ ಹಾಕಿ ಕುಣಿಯಲು ಶುರುಮಾಡಿತು. ಜನ ಚಿಲ್ಲರೆ ಎಸೆದರು. ಬಾಯಿಯಿಂದ ನೋಟು ಎತ್ತಿಯೂ ಆಯಿತು. ಬೆತ್ಲೆಹೇಮಿನ ಮಠದಲ್ಲಿ ಹುಲಿ ಕುಣಿತ! ಪಾದ್ರಿಗಳು ಪರದೆಯ ಹಿಂದೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದನ್ನು ನಾನು ನೋಡಿದೆ. ನಗುತ್ತಿದ್ದರೋ ಏನೋ, ಭುಜ ಅಲುಗುತ್ತಿತ್ತು.

ಆದರೆ ಇದು ನಡುವಿನದು. ನಾಟಕ ಶುರುವಾದದ್ದು ಚಾಟಿಯೇಟಿನಿಂದ.

ಜೆರೋಮ್ ಹುಟ್ಟಿದ್ದು ದಾಲ್ಮೇಷಿಯಾದ ಗಡಿಯ ಸ್ತ್ರಿದೋನ್ ಎಂಬ ಊರಲ್ಲಿ, ಓದಿದ್ದು ರೋಮಿನಲ್ಲಿ. ಕ್ರೈಸ್ತನಲ್ಲದ ಹಳೆಯ ಲೇಖಕ ಸಿಸೆರೊ ಎಂದರೆ ಅವನಿಗೆ ಪ್ರಾಣ. ಮನೆ ಬಿಟ್ಟ, ನೆಂಟರನ್ನು ಬಿಟ್ಟ, ಒಳ್ಳೆಯ ಊಟವನ್ನೂ ಬಿಟ್ಟ. ಅದು ಎಲ್ಲಕ್ಕಿಂತ ಕಷ್ಟವಾಯಿತು ಎಂದು ಅವನೇ ಬರೆದುಕೊಂಡಿದ್ದಾನೆ. ರೋಮಿನಲ್ಲಿ ಕೂಡಿಸಿದ ಪುಸ್ತಕಗಳನ್ನು ಮಾತ್ರ ಬಿಡಲಿಲ್ಲ, ಸಿರಿಯಾದವರೆಗೆ ಹೊತ್ತುಕೊಂಡು ಹೋದ. ಅಂತಿಯೋಕ್ಯದಲ್ಲಿ ಜ್ವರ ಬಂದು ಮಲಗಿದಾಗ ಕನಸು. ದೇವರ ಕೋರ್ಟಿನಲ್ಲಿ ವಿಚಾರಣೆ. ನೀನು ಯಾರು ಎಂದರೆ ಕ್ರೈಸ್ತ ಎಂದ. ಸುಳ್ಳು, ನೀನು ಸಿಸೆರೊವಿನ ಶಿಷ್ಯ ಎಂದು ತೀರ್ಪಾಗಿ ಚಾಟಿಯೇಟು ಬಿತ್ತು. ನಮ್ಮ ರಂಗದಲ್ಲಿ ಚಾಟಿಗೆ ಅಡಿಕೆ ಹಾಳೆ. ಸೀಳಿದ ಹಾಳೆಯನ್ನು ಹಲಗೆಗೆ ಹೊಡೆದರೆ ಬರುವ ಶಬ್ದಕ್ಕೆ ಮುಂದಿನ ಸಾಲಿನ ಮಗು ಚೀರಿತು. ಹೊಡೆಯುವ ಹುಡುಗರಿಬ್ಬರೂ ಮಾಸ್ತರರ ಹಳೆಯ ವಿದ್ಯಾರ್ಥಿಗಳು, ಹಲಗೆ ತಪ್ಪಿ ಬೆನ್ನಿಗೇ ಬಿದ್ದ ಏಟುಗಳೂ ಇದ್ದವು. ತಪ್ಪಿದ್ದೋ ತಪ್ಪಿಸಿದ್ದೋ, ಅದು ಅವರಿಗೇ ಗೊತ್ತು. ಮುಂದೆ ಎಷ್ಟೋ ವರ್ಷದ ಮೇಲೆ, ಆ ಪುಸ್ತಕ ಮುಟ್ಟುವುದಿಲ್ಲ ಎಂದು ಆಣೆ ಹಾಕಿದ್ದೆಯಲ್ಲ, ಈಗ ಸಾಲುಸಾಲಿಗೆ ಸಿಸೆರೊ ಬರುತ್ತಾನಲ್ಲ ಎಂದು ಎದುರಾಳಿ ಕೆಣಕಿದಾಗ, ಕನಸಿನ ಮಾತಿಗೆ ಸಾಕ್ಷಿ ಕೇಳುತ್ತೀಯಾ ಎಂಬ ಧಾಟಿಯಲ್ಲಿ ಜಾರಿಕೊಂಡನಂತೆ ಈ ಮಹಾನುಭಾವ. ಅದನ್ನೂ ಪಾದ್ರಿಗಳು ನಾಟಕದಲ್ಲಿ ಇಟ್ಟಿದ್ದರು.

ಆಮೇಲೆ ಖಾಲ್ಕಿಸ್ ಮರುಭೂಮಿ, ಚೇಳು, ಉಪವಾಸ. ಉಪವಾಸದಲ್ಲೂ ಅವನ ತಲೆಯೊಳಗೆ ರೋಮಿನ ಕುಣಿಯುವ ಹುಡುಗಿಯರು. ಮನಸ್ಸನ್ನು ಕಟ್ಟಿಹಾಕಲು ಅವನು ಹಿಡಿದದ್ದು ಹೀಬ್ರೂ ವ್ಯಾಕರಣ. ಕ್ರೈಸ್ತನಾಗಿದ್ದ ಒಬ್ಬ ಯೆಹೂದಿ ಪಾಠ ಹೇಳಿದ. ಕುಣಿಯುವ ಹುಡುಗಿಯರನ್ನು ರಂಗಕ್ಕೆ ತರುವುದಕ್ಕೆ ಗುರ್ಕಾರರು ಸುತರಾಂ ಒಪ್ಪಲಿಲ್ಲ, ಪರದೆಯ ಹಿಂದೆ ಗೆಜ್ಜೆ ಮಾತ್ರ ಅಲುಗಾಡಿಸಿದರು. ಅದರಿಂದ ಇನ್ನೂ ಕೆಟ್ಟದಾಯಿತು ಎಂದು ನನ್ನ ಅಭಿಪ್ರಾಯ.

ರೋಮಿನಲ್ಲಿ ಪೋಪ್ ದಮಾಸಸ್ 382ರ ಹೊತ್ತಿಗೆ ಇವನನ್ನು ಕಾರ್ಯದರ್ಶಿಯಾಗಿ ಇಟ್ಟುಕೊಂಡು, ಸುವಾರ್ತೆಗಳ ಲ್ಯಾಟಿನ್ ಪಾಠ ತಿದ್ದಲು ಹೇಳುವುದು ಮುಂದಿನ ಅಂಕ. ಆಗ ಲ್ಯಾಟಿನ್ನಿನಲ್ಲಿ ಎಷ್ಟು ಪ್ರತಿಯೋ ಅಷ್ಟು ಪಾಠ. ತಿದ್ದಿದರೆ ಬೈಗುಳ ತಪ್ಪದು ಎಂದು ಜೆರೋಮನಿಗೆ ಮೊದಲೇ ಗೊತ್ತಿತ್ತು. ಅದನ್ನು ಮುನ್ನುಡಿಯಲ್ಲೇ ಬರೆದಿಟ್ಟ. ಈ ಅಂಕ ಸ್ವಲ್ಪ ಸಪ್ಪೆ. ದಮಾಸಸ್ ಆದವರು ಬೇಕರಿಯವರು, ಮಾತು ಮರೆತು ಆಶೀರ್ವಾದ ಮಾಡಿ ಮಾಡಿ ಹೊತ್ತು ಕಳೆದರು.

ಜನ ನಿಜವಾಗಿ ಎದ್ದು ಕುಳಿತದ್ದು ಪೌಲಾ ಬಂದಾಗ. ಪೌಲಾ ರೋಮಿನ ದೊಡ್ಡ ಮನೆತನದ ವಿಧವೆ, ಐದು ಮಕ್ಕಳ ತಾಯಿ, ಜೆರೋಮನ ಹತ್ತಿರ ವೇದಪಾಠ ಕಲಿತವಳು. ಅವಳ ಮಗಳು ಬ್ಲೆಸಿಲ್ಲಾ ಎಳೆಯ ವಯಸ್ಸಿನಲ್ಲಿ ತೀರಿಕೊಂಡಾಗ ಉಪವಾಸ ಮಾಡಿಸಿ ಕೊಂದರು ಎಂದು ಊರು ಸನ್ಯಾಸಿಗಳ ಮೇಲೆ ಬಿತ್ತು. ದಮಾಸಸ್ ಸತ್ತ ಮೇಲೆ ಜೆರೋಮನಿಗೆ ರೋಮಿನಲ್ಲಿ ನೆಲೆಯೇ ಇಲ್ಲ. 385ರಲ್ಲಿ ಹಡಗು ಹತ್ತಿದ. ಪೌಲಾಳೂ ಮಗಳು ಯೂಸ್ತೋಕಿಯಂಳನ್ನು ಕರೆದುಕೊಂಡು ಹಿಂದೆಯೇ ಹೊರಟಳು. ಬಂದರದಲ್ಲಿ ಕಿರಿಯ ಮಗ ತೊಕ್ಸೊಟಿಯಸ್ ಕೈಚಾಚಿ ನಿಂತಿದ್ದ, ಅವಳು ತಿರುಗಿ ನೋಡಲಿಲ್ಲ. ಪೌಲಾ ಆದವರು ಕಾನ್ವೆಂಟ್ ಶಾಲೆಯ ಟೀಚರು, ಹುಡುಗ ಅವರದೇ ಮಗ. ಅವನಿಗೆ ಇದು ನಾಟಕ ಎಂದು ಎಷ್ಟು ತಿಳಿಸಿದ್ದರೋ, ಅಮ್ಮ ಹಡಗಿನ ಪರದೆಯ ಹಿಂದೆ ಹೋದದ್ದೇ ನೆಲಕ್ಕೆ ಬಿದ್ದು ಹೊರಳಾಡಿ ಅತ್ತ. ಹೆಂಗಸರ ಕಡೆಯಿಂದ ಮೂಗು ಒರೆಸುವ ಸದ್ದು. ನಮ್ಮ ಅಮ್ಮ ಮನೆಗೆ ಬಂದ ಮೇಲೂ “ಅವಳಿಗೆ ಹೋಗಲು ಮನಸ್ಸಾದರೂ ಹೇಗೆ ಬಂತು?” ಎಂದು ಕೇಳುತ್ತಿದ್ದರು. ಅಪ್ಪ ಬುದ್ಧನ ಹೆಸರು ಎತ್ತಿದರು. “ಗಂಡಸು ಹೋದರೆ ಬುದ್ಧ,” ಎಂದು ಅಮ್ಮ ಒಳಗೆ ಹೋದರು.

ಬೆತ್ಲೆಹೇಮಿನ ಮಠಗಳನ್ನು ಕಟ್ಟಿಸಿದ್ದು ಪೌಲಾಳ ಹಣ. ಯಾತ್ರಿಕರಿಗೆ ಛತ್ರ ಕಟ್ಟಿಸಿದ್ದೂ ಅವಳೇ. ಹೀಬ್ರೂ ಕಲಿತು, ಕೀರ್ತನೆಗಳನ್ನು ಲ್ಯಾಟಿನ್ ಎಳೆತ ಇಲ್ಲದೆ ಹಾಡುತ್ತಿದ್ದಳು ಎಂದು ಜೆರೋಮನೇ ಹೊಗಳಿದ್ದಾನೆ. ಅವನು ಹೊಗಳುವುದು ಅಪರೂಪ, ನೆನಪಿಡಿ. ಆಸ್ತಿಯೆಲ್ಲ ಕರಗಿ, ಸತ್ತಾಗ ಮಗಳ ಪಾಲಿಗೆ ಬಿಟ್ಟುಹೋದದ್ದು ಸಾಲ. ಜೆರೋಮ್ ಬರೆದ ಎಂದು ನಾವು ಹೇಳುತ್ತೇವೆ, ಎಣ್ಣೆ, ಬರೆಯುವ ಹಾಳೆ, ಲಿಪಿಕಾರನ ಕೂಲಿ ಇದೆಲ್ಲ ಎಲ್ಲಿಂದ ಬಂತು ಎಂದು ಕೇಳುವುದಿಲ್ಲ.

ನನಗೆ ಅಚ್ಚುಮೆಚ್ಚಿನ ದೃಶ್ಯ ತೋಬಿತನ ಪುಸ್ತಕದ್ದು. ಆ ಪುಸ್ತಕ ಜೆರೋಮನಿಗೆ ಸಿಕ್ಕಿದ್ದು ಖಲ್ದಾಯರ ಭಾಷೆಯಲ್ಲಿ. ಅದು ಅವನಿಗೆ ಸರಿಯಾಗಿ ಬಾರದು. ಎರಡೂ ಭಾಷೆ ಬಲ್ಲ ಒಬ್ಬನನ್ನು ಕೂರಿಸಿಕೊಂಡ. ಅವನು ಹೀಬ್ರೂವಿನಲ್ಲಿ ಹೇಳುವುದು, ಇವನು ಅದನ್ನು ಲ್ಯಾಟಿನ್ನಿನಲ್ಲಿ ಹೇಳುವುದು, ಲಿಪಿಕಾರ ಬರೆಯುವುದು. ಒಂದೇ ದಿನದಲ್ಲಿ ಪುಸ್ತಕ ಮುಗಿಯಿತು. ಪಾದ್ರಿಗಳು ಆ ಸಹಾಯಕನ ಪಾತ್ರಕ್ಕೆ ಸೈಕಲ್ಲಿನಲ್ಲಿ ಮೀನು ತರುತ್ತಿದ್ದ ಬ್ಯಾರಿಯವರನ್ನು ಕರೆದಿದ್ದರು. ಗಡ್ಡ ಸ್ವಂತದ್ದು. ಅವರು ತುಳುವಿನಲ್ಲಿ ಹೇಳುವುದು, ಮಾಸ್ತರರು ಕನ್ನಡದಲ್ಲಿ ಹೇಳುವುದು, ನಾನು ಬರೆಯುವುದು. ಅಂಗಳದಲ್ಲಿ ಯಾರಿಗೂ ವಿವರಣೆ ಬೇಕಾಗಲಿಲ್ಲ. ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ದಿನಕ್ಕೆ ಹತ್ತು ಸಲ ದಾಟುವ ಜನ ನಾವು. ತೋಬಿತನ ಮಗ ನದಿಯಲ್ಲಿ ಮೀನು ಹಿಡಿಯುತ್ತಾನೆ, ಅದರ ಪಿತ್ತದಿಂದ ಅಪ್ಪನ ಕುರುಡು ವಾಸಿಯಾಗುತ್ತದೆ. ಮೀನಿನ ಮಾತು ಬಂದದ್ದೇ ಬ್ಯಾರಿಯವರಿಗೆ ಹುಮ್ಮಸ್ಸು. ಎಷ್ಟು ಉದ್ದದ್ದು, ಹೇಗೆ ಕೊಯ್ಯುವುದು, ಪಿತ್ತ ಒಡೆದರೆ ಗಸಿ ಹೇಗೆ ಕಹಿಯಾಗುತ್ತದೆ, ಎಲ್ಲ ಬಂತು. ಮಾಸ್ತರರೂ ತಾಳಮದ್ದಳೆಯವರು, ಬಂದದ್ದನ್ನೆಲ್ಲ ಕನ್ನಡ ಮಾಡಿದರು. ನಾನು ನಿಜವಾಗಿಯೇ ಬರೆಯತೊಡಗಿದೆ, ಕೈ ಸೋತಿತು.

ಅಗಸ್ಟೀನನ ಜಗಳವನ್ನು ತಾಳಮದ್ದಳೆಯ ಕ್ರಮದಲ್ಲೇ ಮಾಡಿದರು. ಇಬ್ಬರು ಪಂಡಿತರು ಜೀವಮಾನದಲ್ಲಿ ಮುಖ ನೋಡಿದವರಲ್ಲ. ಒಬ್ಬ ಆಫ್ರಿಕಾದ ಹಿಪ್ಪೋದಲ್ಲಿ, ಇನ್ನೊಬ್ಬ ಬೆತ್ಲೆಹೇಮಿನಲ್ಲಿ, ನಡುವೆ ಕಾಗದ. ಕಿರಿಯ ಅಗಸ್ಟೀನ ಬರೆದ ಒಂದು ಆಕ್ಷೇಪದ ಪತ್ರ ವರ್ಷಗಟ್ಟಲೆ ಇವನಿಗೆ ತಲುಪಲಿಲ್ಲ, ಅದರ ಪ್ರತಿ ಮಾತ್ರ ರೋಮಿನಲ್ಲಿ ಕೈಯಿಂದ ಕೈಗೆ ಓಡಾಡಿತು. ಮುದುಕನಿಗೆ ಉರಿಯದೆ ಇರುತ್ತದಾ? ಪತ್ರ ಒಯ್ಯುವ ಪಾತ್ರಕ್ಕೆ ನಮ್ಮ ಪೋಸ್ಟ್‌ಮ್ಯಾನ್ ಬಂದರು. ಪತ್ರ ದಾರಿ ತಪ್ಪಬೇಕು ಎಂದಾಗ ಮಾತ್ರ ಹಟ ಹಿಡಿದರು. ತನ್ನ ಸರ್ವಿಸಿನಲ್ಲಿ ಒಂದು ಕಾರ್ಡು ಆಚೀಚೆಯಾಗಿಲ್ಲ, ಊರ ಎದುರು ಈ ಕೆಟ್ಟ ಹೆಸರು ಬೇಡ ಎಂದು. ಕೊನೆಗೆ ಪತ್ರ ಕಳೆಯುವುದಕ್ಕೆಂದೇ ಇನ್ನೊಬ್ಬನನ್ನು ಇಟ್ಟರು.

ರಂಗದ ಆ ತುದಿಗೆ ಅಗಸ್ಟೀನ, ಈ ತುದಿಗೆ ಜೆರೋಮ್. ಟ್ರಿಪೋಲಿಯ ಇಗರ್ಜಿಯಲ್ಲಿ ಹೊಸ ಅನುವಾದ ಓದಿದಾಗ ನಡೆದ ಗಲಾಟೆಯನ್ನು ಅಗಸ್ಟೀನ ತೆಗೆದ. ಯೋನನಿಗೆ ನೆರಳು ಕೊಟ್ಟದ್ದು ಸೋರೆಬಳ್ಳಿ ಎಂದು ಜನ ತಲೆತಲಾಂತರದಿಂದ ಕೇಳಿದ್ದರು. ಜೆರೋಮ್ ಅದನ್ನು ಐವಿ ಬಳ್ಳಿ ಮಾಡಿದ್ದ. ಜನ ಎದ್ದು ಕೂಗಾಡಿ, ಬಿಷಪ್ಪರಿಗೆ ಇಗರ್ಜಿಯೇ ಖಾಲಿಯಾಗುವ ಹೆದರಿಕೆ ಬಂತು. ಮಾಸ್ತರರು ತೊಡೆ ತಟ್ಟಿದರು. ಇದು ಅಗಲ ಎಲೆಯ, ತನ್ನ ಕಾಂಡದ ಮೇಲೇ ನಿಲ್ಲುವ ಗಿಡ, ಲ್ಯಾಟಿನ್ನಿನಲ್ಲಿ ಇದಕ್ಕೆ ಹೆಸರೇ ಇಲ್ಲ, ನಾನೆಂತ ಮಾಡಲಿ ಎಂದು ಶುರುಮಾಡಿದವರು ಅರ್ಧ ಗಂಟೆ ಬಿಡಲಿಲ್ಲ. ಅದು ಹರಳುಗಿಡ ಎಂದು ಈಗಿನ ಹೆಚ್ಚಿನ ಪಂಡಿತರ ಅಭಿಪ್ರಾಯ. ಪಾದ್ರಿಗಳು ಅದನ್ನು ಮಾಸ್ತರರ ಬಾಯಿಗೆ ಹಾಕಿದ್ದರು. ಹರಳೆಣ್ಣೆಯ ಹೆಸರು ಕೇಳಿ ನಾವು ಮಕ್ಕಳೆಲ್ಲ ಮುಖ ಹಿಂಡಿದೆವು. ದೊಡ್ಡವರು ಮಾತ್ರ ಎರಡು ಪಕ್ಷವಾಗಿದ್ದರು. ಸೋರೆಯ ಪಕ್ಷಕ್ಕೆ ದೊಡ್ಡ ಗುರ್ಕಾರರೇ ಮುಂದಾಳು.

ಬೈಗುಳದ ಅಂಕವೇ ಬೇರೆ ಇತ್ತು. ಕತ್ತರಿಸಿ ಎಂದು ಒತ್ತಡ ಬಂದದ್ದು ಅದಕ್ಕೇ, ಒಳಗಿನವರಿಂದಲೂ ಹೊರಗಿನವರಿಂದಲೂ. ಸಂತನ ಬಾಯಲ್ಲಿ ಇಂಥ ಮಾತೇ? ಬಾಲ್ಯದ ಗೆಳೆಯ ರುಫಿನಸನ ಜೊತೆ ಹಿಂದಿನ ವ್ಯಾಖ್ಯಾನಕಾರ ಓರಿಜೆನನ ವಿಚಾರದಲ್ಲಿ ಮುರಿದುಕೊಂಡ ಮೇಲೆ ಅವನನ್ನು ಹಂದಿ ಎಂದ. ಅವನು ಸಿಸಿಲಿಯಲ್ಲಿ ಸತ್ತ ಮೇಲೂ ಬಿಡದೆ ಚೇಳು ಎಂದ. ಪಾದ್ರಿಗಳು ಒಂದು ಅಕ್ಷರ ತೆಗೆಯಲಿಲ್ಲ. “ಅವನು ಬರೆದದ್ದು ಉಂಟು. ನಾನು ತೊಳೆದು ಕೊಟ್ಟರೆ ಅದು ಜೆರೋಮ್ ಆಗುವುದಿಲ್ಲ, ನಾನಾಗುತ್ತೇನೆ,” ಎಂದರು. ಒಬ್ಬ ಎದುರಾಳಿಯನ್ನು ಅವನು ಗಂಜಿ ಕುಡಿದು ಉಬ್ಬಿದವನು ಎಂದು ಜರೆದದ್ದೂ ಉಂಟು. ಅದು ಐರ್ಲೆಂಡಿನ ಕಡೆಯವರ ಗಂಜಿ. ನಮ್ಮ ಅಂಗಳದಲ್ಲಿ ಮೂರು ಹೊತ್ತು ಗಂಜಿ ಉಣ್ಣುವವರೇ ಕುಳಿತದ್ದು. ಒಮ್ಮೆ ಗುಸುಗುಸು, ಆಮೇಲೆ “ಗಂಜಿಗೆ ಎಂತ ಆಗಿದೆ?” ಎಂದು ಗಟ್ಟಿ ದನಿ. ಮಾಸ್ತರರು ವೇಷದಲ್ಲೇ ಆ ಕಡೆ ತಿರುಗಿ, “ಉಪ್ಪು ಕಡಿಮೆಯಾಗಿದೆ,” ಎಂದರು.

ರೋಮ್ ಬಿದ್ದದ್ದು 410ರಲ್ಲಿ, ಅಲಾರಿಕನ ಕೈಗೆ. ಸುದ್ದಿ ಕೇಳಿ ಜೆರೋಮನಿಗೆ ಮಾತೇ ನಿಂತುಹೋಯಿತು. ನಿರಾಶ್ರಿತರು ಬೆತ್ಲೆಹೇಮಿಗೆ ಬಂದು ಬಾಗಿಲು ತಟ್ಟಿದಾಗ ಯೆಹೆಜ್ಕೇಲನ ವ್ಯಾಖ್ಯಾನವನ್ನು ಬದಿಗಿಟ್ಟು ಅವರ ಚಾಕರಿಗೆ ಇಳಿದ. ನಮ್ಮಲ್ಲಿ ನಿರಾಶ್ರಿತರು ಪ್ರೇಕ್ಷಕರ ನಡುವಿನಿಂದ ಬರಬೇಕೆಂದು ಏರ್ಪಾಡು. ಅವರು ಏಳುವುದಕ್ಕೂ ಕರೆಂಟು ಹೋಗುವುದಕ್ಕೂ ಮಳೆ ಹೊಯ್ಯುವುದಕ್ಕೂ ಸರಿಹೋಯಿತು. ಮಾಡು ಇದ್ದದ್ದು ರಂಗಕ್ಕೆ ಮಾತ್ರ, ಸೋಗೆಯದ್ದು. ಮುಂದಿನ ಸಾಲುಗಳೆಲ್ಲ ಎದ್ದು ಓಡಿ ರಂಗ ಹತ್ತಿದವು. ಅಜ್ಜಿಯಂದಿರು, ಮಲಗಿದ್ದ ಮಕ್ಕಳು, ಕೊಡೆಗಳು, ಗುರ್ಕಾರರು, ಹಳದಿ ಬಣ್ಣ ಸೋರುವ ಸಿಂಹ. ಯಾರು ರೋಮಿನವರು, ಯಾರು ನಮ್ಮೂರವರು ಎಂದು ಬೇರೆ ಮಾಡುವ ಹಾಗೆ ಇರಲಿಲ್ಲ. ಯಾರೋ ಪೆಟ್ರೊಮ್ಯಾಕ್ಸ್ ತಂದರು, ಅದಕ್ಕೆ ಹಾತೆಗಳು ಮುತ್ತಿದವು. ಮಾಸ್ತರರು ನಾಟಕ ನಿಲ್ಲಿಸಲಿಲ್ಲ. “ಒಳಗೆ ಬನ್ನಿ, ಸರಿದು ಕೂತುಕೊಳ್ಳಿ, ಆ ಪುಸ್ತಕ ತೆಗೆಯಿರಿ, ಮಗು ಮಲಗಲಿ,” ಎನ್ನುತ್ತಾ ನನ್ನ ಚಾಪೆಯನ್ನೂ ಎಳೆದು ಒಬ್ಬ ಅಜ್ಜಿಗೆ ಹಾಸಿದರು. ಪುಸ್ತಕದಲ್ಲಿ ಈ ಮಾತು ಇರಲಿಲ್ಲ. ಅಡುಗೆಮನೆಯಿಂದ ಕೊನೆಯಲ್ಲಿ ಹಂಚಲು ಇಟ್ಟಿದ್ದ ಕುಚ್ಚಲಕ್ಕಿ ಗಂಜಿಯ ಕೊಪ್ಪರಿಗೆ ಅಲ್ಲೇ ಬಂತು, ಜೊತೆಗೆ ಹುರುಳಿ ಚಟ್ನಿ, ಮಾವಿನ ಮಿಡಿ. ಮಾಸ್ತರರೂ ವೇಷದಲ್ಲೇ ಕುಳಿತು ಉಂಡರು.

ಜೆರೋಮನ ಮರಣದ ದೃಶ್ಯ ಆಯಿತೋ ಇಲ್ಲವೋ ನನಗೆ ನಿಜವಾಗಿ ನೆನಪಿಲ್ಲ. ಆಯಿತು ಎನ್ನುವವರೂ ಇದ್ದಾರೆ. ಮಾರನೆಯ ಭಾನುವಾರ ದೊಡ್ಡ ಗುರ್ಕಾರರು, “ಸಂತನಾದರೆ ಹೀಗೆ ಇರಬೇಕು, ನಮ್ಮ ಮನೆಗೆ ಬಂದರೆ ಕೂರಿಸಬಹುದು,” ಎಂದದ್ದು ಮಾತ್ರ ನಾನೇ ಕೇಳಿದ್ದು. ಸೋರೆಬಳ್ಳಿಯ ವಿಷಯದಲ್ಲಿ ಅವರು ಕೊನೆಯವರೆಗೂ ಸೋಲಲಿಲ್ಲ.

ಪಾದ್ರಿಗಳು ವರ್ಗವಾಗಿ ಹೋದರು, ಮಾಸ್ತರರು ತೀರಿಕೊಂಡರು, ನಾಟಕದ ಹಸ್ತಪ್ರತಿಯನ್ನು ಗೆದ್ದಲು ತಿಂದಿತು. ಈಗ ಊರಿನ ಹುಡುಗರು ಮತ್ತೆ ಆಡುತ್ತೇವೆ, ಕತೆ ಹೇಳಿ ಎಂದು ಬರುತ್ತಾರೆ. ಹೇಳುತ್ತೇನೆ. ಆದರೆ ಅವರಿಗೆ ಎರಡು ಮಾತು. ಬೈಗುಳ ಕತ್ತರಿಸಬೇಡಿ, ಬೇಕಾದರೆ ಸಿಂಹವನ್ನು ಬಿಡಿ. ಪೌಲಾಳ ಪಾತ್ರ ಇನ್ನೂ ಉದ್ದ ಮಾಡಿ. ಮತ್ತೆ ಸೆಪ್ಟೆಂಬರ್ 30 ಬೇಡ, ಮಳೆಯನ್ನು ನಂಬುವ ಹಾಗಿಲ್ಲ. ಪೌಲಾ ತೀರಿಕೊಂಡದ್ದು 404ರ ಜನವರಿ 26ರಂದು, ಅವಳ ಹಬ್ಬವೂ ಅವತ್ತೇ. ಬೆಳಿಗ್ಗೆ ಶಾಲೆಯಲ್ಲಿ ಬಾವುಟ ಹಾರಿಸಿ ಮುಗಿದರೆ ಸಂಜೆಗೆ ಮೈದಾನ ಖಾಲಿಯೇ ಇರುತ್ತದೆ. ಅವತ್ತಿಗೆ ಇಟ್ಟುಕೊಳ್ಳಿ.